ಆಟ ಹನ್ನೆರಡಕ್ಕೆ ಮುಗಿಯುತ್ತದೆ, ಬಸ್ಸು ಬೆಳಿಗ್ಗೆ ಆರಕ್ಕೆ

ಉಡುಪಿ, ದಕ್ಷಿಣ ಕನ್ನಡದಲ್ಲಿ ಒಂದು ವಾರ ಇದ್ದು ಯಕ್ಷಗಾನ ನೋಡಿಕೊಂಡು ಬರೋಣ ಎಂದು ಹೊರಡುವ ಘಟ್ಟದ ಮೇಲಿನವರು ಮೊದಲು ಬಸ್ಸಿನ ಲೆಕ್ಕ ಹಾಕಿಕೊಳ್ಳಬೇಕು. ಮೇಳ (ತಂಡ), ಪ್ರಸಂಗ (ಆಡುವ ಕಥೆ), ಕಲಾವಿದರು ಎಲ್ಲ ಆಮೇಲೆ.

ಹಿಂದೆ ಈ ಲೆಕ್ಕವೇ ಬೇಕಿರಲಿಲ್ಲ. ಆಟ, ಎಂದರೆ ಯಕ್ಷಗಾನದ ಪ್ರದರ್ಶನ, ಇಡೀ ರಾತ್ರಿ ನಡೆಯುತ್ತಿತ್ತು. ಪೇಟೆಯಿಂದ ಹಳ್ಳಿಗೆ ಹೋಗುವ ಕೊನೇ ಬಸ್ಸು ಹತ್ತಿದರೆ ಆಟದ ಗದ್ದೆ ಮುಟ್ಟಬಹುದಿತ್ತು. ಆ ಬಸ್ಸು ರಾತ್ರಿ ಅಲ್ಲೇ ಹಾಲ್ಟ್. ಬೆಳಿಗ್ಗೆ ಅದು ಹೊರಡುವ ಹೊತ್ತಿಗೆ ಮಂಗಳ ಹಾಡಿ ಆಗಿರುತ್ತಿತ್ತು, ನೋಡಿದವರು ಅದರಲ್ಲೇ ನಿದ್ದೆ ತೂಗುತ್ತ ವಾಪಸು ಬರುತ್ತಿದ್ದರು. ಈಗ ಹೆಚ್ಚಿನ ಆಟ ಕಾಲಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಧ್ವನಿವರ್ಧಕದ ನಿಯಮ ಒಂದು ಕಾರಣ, ಮರುದಿನ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರು ಇನ್ನೊಂದು. ಧರ್ಮಸ್ಥಳ ಮೇಳದಂಥ ಹಳೇ ಮೇಳವೇ ಸಂಜೆ ಶುರುಮಾಡಿ ನಡುರಾತ್ರಿ ಮುಗಿಸುವ ಕ್ರಮಕ್ಕೆ ಬಂದು ವರ್ಷಗಳಾದವು. ಊರವರಿಗೆ ಇದು ಅನುಕೂಲವೇ, ಬೈಕು ಹತ್ತಿ ಮನೆಗೆ ಹೋಗುತ್ತಾರೆ. ಹೊರಗಿನಿಂದ ಬಂದವರು ಮಾತ್ರ ಹನ್ನೆರಡೂವರೆಗೆ ಗದ್ದೆಯ ಬದಿಯಲ್ಲಿ ನಿಂತಿರಬೇಕಾಗುತ್ತದೆ. ಕುರ್ಚಿ ಮಡಚುವವರು, ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಬಣ್ಣ ತೆಗೆಯುತ್ತಿರುವ ಕಲಾವಿದರು ಬಿಟ್ಟರೆ ಅಲ್ಲಿ ಬೇರೆ ಜನ ಇರುವುದಿಲ್ಲ.

ಹಾಗಾಗಿ ಹೋಗುವಾಗಲೇ ವಾಪಸು ಬರುವ ರಿಕ್ಷಾ ಗಟ್ಟಿಮಾಡಿಕೊಳ್ಳಿ. ಉಡುಪಿಯ ರಿಕ್ಷಾದವರಿಗೆ ‘ಹೋಗಿ ಬರುವುದು, ವೈಟಿಂಗ್ ಸೇರಿ ಎಷ್ಟು?’ ಎಂದು ಒಟ್ಟು ಮೊತ್ತವನ್ನೇ ಕೇಳಬೇಕು. ಹೋಗುವುದಕ್ಕೆ ಮಾತ್ರ ಮಾತಾಡಿ, ಬರುವಾಗ ನೋಡೋಣ ಎಂದರೆ ರಾತ್ರಿ ಸಿಗುವ ಒಂದೇ ಒಂದು ರಿಕ್ಷಾ ಹೇಳಿದ್ದೇ ರೇಟು. ರಾತ್ರಿ ದರ ಒಂದೂವರೆ ಪಟ್ಟು ಎಂಬುದು ಸರಿ, ಅದರ ಮೇಲೆ ಖಾಲಿ ವಾಪಸು ಹೋಗುವ ದೂರವೂ ಸೇರುತ್ತದೆ. ಅವರದ್ದು ತಪ್ಪು ಎನ್ನುವ ಹಾಗೂ ಇಲ್ಲ. ಆಟದಲ್ಲಿ ಆಸಕ್ತಿ ಇರುವ ಚಾಲಕ ಸಿಕ್ಕಿದರೆ ವೈಟಿಂಗ್ ದುಡ್ಡನ್ನೇ ಬಿಡುತ್ತಾರೆ, ನಿಮ್ಮ ಪಕ್ಕದಲ್ಲೇ ಕೂತು ಯಾವ ವೇಷ ಯಾರದ್ದು ಎಂದು ಹೇಳುತ್ತಾರೆ. ಇಬ್ಬರಿದ್ದು ಲೈಸೆನ್ಸ್ ಇದ್ದರೆ ಬಾಡಿಗೆ ಸ್ಕೂಟರ್ ಎಲ್ಲಕ್ಕಿಂತ ಅಗ್ಗ. ಆದರೆ ಒಳರಸ್ತೆಗಳಲ್ಲಿ ತಿರುವು ಜಾಸ್ತಿ, ಬೀದಿದೀಪ ಕಮ್ಮಿ, ನಡುರಾತ್ರಿ ರಸ್ತೆಯಲ್ಲಿ ಮಲಗಿದ ದನ ಹತ್ತಿರ ಬರುವವರೆಗೂ ಕಾಣುವುದಿಲ್ಲ.

ಇಂದು ಎಲ್ಲಿ ಆಟ ಎಂದು ತಿಳಿಯಲು ಕರಾವಳಿ ಆವೃತ್ತಿಯ ದಿನಪತ್ರಿಕೆ ಕೊಳ್ಳಿ. ಬೆಂಗಳೂರಿನಲ್ಲಿ ಸಿಗುವ ಆವೃತ್ತಿಯಲ್ಲಿ ಆ ಪಟ್ಟಿ ಇರುವುದಿಲ್ಲ. ಕಟೀಲಿನ ಹಲವು ಮೇಳಗಳು, ಮಂದಾರ್ತಿಯ 5 ಮೇಳಗಳು, ಮಾರಣಕಟ್ಟೆ, ಕಮಲಶಿಲೆ ಎಲ್ಲ ಒಂದೇ ರಾತ್ರಿ ಬೇರೆ ಬೇರೆ ಊರಲ್ಲಿ ಆಡುತ್ತವೆ. ಪಟ್ಟಿಯಲ್ಲಿ ಮೇಳದ ಹೆಸರು, ಮುಂದೆ ಊರಿನ ಹೆಸರು, ಕೆಲವೊಮ್ಮೆ ಮನೆಯ ಹೆಸರು, ಅಷ್ಟೇ. ಎಡವಟ್ಟಾಗುವುದು ಇಲ್ಲೇ. ಬೈಲೂರು ಎಂದಿದ್ದರೆ ಉಡುಪಿ ಪೇಟೆಯೊಳಗೇ ಒಂದು ಬೈಲೂರಿದೆ, ಕಾರ್ಕಳದ ದಾರಿಯಲ್ಲಿ ಇನ್ನೊಂದಿದೆ. ಮೊಬೈಲಿನ ನಕ್ಷೆ ತನಗೆ ಬೇಕಾದ ಬೈಲೂರಿಗೆ ಕರೆದುಕೊಂಡು ಹೋಗುತ್ತದೆ. ಪಟ್ಟಿ ನೋಡಿದ ಮೇಲೆ ಬಸ್ ನಿಲ್ದಾಣದ ಏಜೆಂಟರನ್ನೋ ಹೋಟೆಲಿನ ಗಲ್ಲಾದಲ್ಲಿ ಕೂತವರನ್ನೋ ಕೇಳಿ. ‘ಇದು ಯಾವ ಬೈಲೂರು, ಆಟ ಎಷ್ಟು ಹೊತ್ತಿಗೆ ಮುಗೀತದೆ?’ ಎರಡೂ ಪ್ರಶ್ನೆ ಒಟ್ಟಿಗೇ ಕೇಳಬೇಕು. ಹರಕೆ ಹೊತ್ತು ಆಟ ಆಡಿಸುವವರ ಇಷ್ಟ, ಅನುಮತಿ ನೋಡಿಕೊಂಡು ಇಡೀ ರಾತ್ರಿಯ ಆಟ ಈಗಲೂ ಅಲ್ಲಲ್ಲಿ ಆಗುವುದುಂಟು. ಅಂಥದ್ದು ಸಿಕ್ಕಿತೋ, ಹಾಲ್ಟ್ ಬಸ್ಸಿನ ಹಳೇ ಕ್ರಮವೇ ಚೆಂದ.

ಸೀಸನ್ ಮರೆತು ಬರುವವರೂ ಇದ್ದಾರೆ. ದೀಪಾವಳಿ ಕಳೆದು ನವೆಂಬರ್ ಹೊತ್ತಿಗೆ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ, ಮೇ ಕೊನೆಯ ವಾರ ಪತ್ತನಾಜೆಗೆ (ತುಳುವಿನ ಬೇಶ ತಿಂಗಳ ಹತ್ತನೇ ದಿನ) ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಬಯಲಾಟ ಇಲ್ಲ. ಸಭಾಭವನದ ಆಟ, ವೇಷ ಕುಣಿತ ಇಲ್ಲದ ತಾಳಮದ್ದಳೆ ಮಾತ್ರ. ಡಿಸೆಂಬರ್, ಜನವರಿ ಎಲ್ಲಕ್ಕಿಂತ ಒಳ್ಳೇ ಕಾಲ, ಆದರೆ ಕರಾವಳಿಯಲ್ಲಿ ಚಳಿ ಎಲ್ಲಿದೆ ಎಂದು ಅರ್ಧ ತೋಳಿನ ಅಂಗಿಯಲ್ಲಿ ಬಂದವರು ಹನ್ನೊಂದು ಗಂಟೆಗೆ ಇಬ್ಬನಿಯಲ್ಲಿ ನೆನೆದು ಕೂತಿರುತ್ತಾರೆ. ತಲೆಗೆ ಒಂದು ಬೈರಾಸು (ಟವೆಲು), ಕೂರಲು ದಪ್ಪ ಚಾಪೆ, ಸೊಳ್ಳೆಗೆ ಹಚ್ಚುವ ಮುಲಾಮು ಇಷ್ಟಿದ್ದರೆ ಸಾಕು. ಮಕ್ಕಳ ಕಿವಿಗೆ ಹತ್ತಿ. ಚೆಂಡೆಯ ಪೆಟ್ಟು ಮೈಕಿನಲ್ಲಿ ಬಂದರೆ ದೊಡ್ಡವರೂ ತತ್ತರಿಸುತ್ತಾರೆ. ಸ್ಪೀಕರ್ ಪೆಟ್ಟಿಗೆಗಳ ನೇರಕ್ಕೆ ಕೂರಬೇಡಿ, ನಡುವಿನ ಐದಾರನೇ ಸಾಲು ಒಳ್ಳೆಯದು. ಮೊದಲೆರಡು ಸಾಲು ಖಾಲಿ ಕಂಡರೂ ಅದು ಅತಿಥಿಗಳದ್ದು, ಆಮೇಲೆ ಎಬ್ಬಿಸುತ್ತಾರೆ.

ಕೋಣೆಯ ವಿಷಯದಲ್ಲಿ ಮೋಸ ಹೋಗುವುದು ಬಾಡಿಗೆಗಿಂತ ಹೆಚ್ಚಾಗಿ ಗಡಿಯಾರದಲ್ಲಿ. ಬೆಂಗಳೂರಿನ ರಾತ್ರಿ ಬಸ್ಸು ನಸುಕಿಗೆ ಉಡುಪಿ ಮುಟ್ಟುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಚೆಕ್ ಔಟ್ ಎನ್ನುವ ಲಾಡ್ಜಿನಲ್ಲಿ ಐದು ಗಂಟೆಗೆ ಒಳಹೊಕ್ಕರೆ ಏಳು ಗಂಟೆ ಹೊತ್ತಿನ ನಿದ್ದೆಗೆ ಒಂದು ದಿನದ ಬಾಡಿಗೆ ಹೋಯಿತು. ಮರುರಾತ್ರಿ ಆಟ ಮುಗಿಸಿ ಎರಡಕ್ಕೆ ಮಲಗಿದವರನ್ನು ಹನ್ನೊಂದೂವರೆಗೆ ಬಾಗಿಲು ತಟ್ಟಿ ಎಬ್ಬಿಸುತ್ತಾರೆ. ಬಸ್ ನಿಲ್ದಾಣಗಳ ಸುತ್ತಲಿನ ಹಳೇ ಲಾಡ್ಜುಗಳಲ್ಲಿ ಕೆಲವು ಇಪ್ಪತ್ನಾಲ್ಕು ಗಂಟೆ ಲೆಕ್ಕದಲ್ಲಿ ಕೊಡುತ್ತವೆ. ಟಿವಿ ಇಲ್ಲದಿದ್ದರೂ ಚಿಂತೆಯಿಲ್ಲ, ಅದನ್ನೇ ಹಿಡಿಯಿರಿ. ಇನ್ನೊಂದು ಮಾತು, ಬಾಡಿಗೆ ಕೊಡುವ ಮೊದಲೇ ಕೇಳಬೇಕಾದದ್ದು: ರಾತ್ರಿ ಶಟರ್ ಎಷ್ಟಕ್ಕೆ ಎಳೆಯುತ್ತೀರಿ? ಹಲವು ಕಡೆ ಹನ್ನೊಂದಕ್ಕೇ. ‘ಆಟಕ್ಕೆ ಹೋಗುತ್ತೇವೆ, ಬರುವಾಗ ಒಂದೂವರೆ ಆಗುತ್ತದೆ’ ಎಂದು ಹೇಳಿಟ್ಟರೆ ಈ ಊರಿನಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ, ರಾತ್ರಿಯ ಹುಡುಗನ ಫೋನ್ ನಂಬರ್ ಕೊಡುತ್ತಾರೆ. ಹೇಳದೆ ಹೋದರೆ ಶಟರ್ ಬಡಿಯುತ್ತ ನಿಲ್ಲಬೇಕು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಕೃಷ್ಣಮಠದ ಪರ್ಯಾಯ ಉತ್ಸವದ ಸುತ್ತಮುತ್ತ ಉಡುಪಿಯಲ್ಲಿ ಕೋಣೆ ಹುಡುಕುವ ಸಾಹಸವೇ ಬೇಡ. ಜನಜಂಗುಳಿ ಇಷ್ಟಪಡುವವರ ಮಾತು ಬೇರೆ.

ರಾತ್ರಿ ಬಸ್ಸಿನವರ ಇನ್ನೊಂದು ಚಾಳಿ: ಟಿಕೆಟ್ಟಿನಲ್ಲಿ ಉಡುಪಿ ಎಂದಿರುತ್ತದೆ, ಕುಂದಾಪುರ ಕಡೆಗೆ ಹೋಗುವ ಬಸ್ಸು ಪೇಟೆಯೊಳಗೆ ಬಾರದೆ ಹೆದ್ದಾರಿಯಲ್ಲೇ ಇಳಿಸಿ ಹೋಗುತ್ತದೆ. ನಾಲ್ಕೂವರೆ ಗಂಟೆಯ ಕತ್ತಲಲ್ಲಿ ಚೀಲ ಹೊತ್ತು ನಿಲ್ಲುವ ಬದಲು ಬುಕ್ ಮಾಡುವಾಗಲೇ ಇಳಿಯುವ ಜಾಗದ ಹೆಸರು ನೋಡಿ. ರೈಲಿನಲ್ಲಿ ಬರುವವರಿಗೆ ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಉಡುಪಿ ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ, ಪೇಟೆಗೆ ರಿಕ್ಷಾ ಬೇಕು. ಆ ರೈಲು ಮಂಗಳೂರು ಸೆಂಟ್ರಲ್‌ಗೆ ಹೋಗುವುದಿಲ್ಲ, ಮಂಗಳೂರು ಪೇಟೆಯಲ್ಲಿ ಉಳಿಯುವವರು ಅದನ್ನು ನಂಬಿ ಟಿಕೆಟ್ ತೆಗೆಯಬೇಡಿ.

ಎಲ್ಲಿ ಉಳಿಯಬೇಕು ಎಂಬುದು ಯಾವ ತಿಟ್ಟು (ಯಕ್ಷಗಾನದ ಶೈಲಿ) ನೋಡಬೇಕು ಎಂಬುದರ ಮೇಲೆ ನಿಂತಿದೆ. ಬಡಗಿಗೆ, ಎಂದರೆ ಉತ್ತರದ ಶೈಲಿಗೆ, ಕುಂದಾಪುರ ಅಥವಾ ಬ್ರಹ್ಮಾವರ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟ ಆ ಸುತ್ತಿನಲ್ಲೇ ಹೆಚ್ಚು. ತೆಂಕಿಗೆ, ಎಂದರೆ ದಕ್ಷಿಣದ ಶೈಲಿಗೆ, ಮೂಲ್ಕಿ, ಕಿನ್ನಿಗೋಳಿ ಅಥವಾ ಮಂಗಳೂರು. ಉಡುಪಿ ನಡುವಿನಲ್ಲಿದೆ, ಎರಡೂ ಕಡೆಗೆ ಹೋಗಬಹುದು ಎಂಬುದು ನಕ್ಷೆಯಲ್ಲಿ ಸರಿ. ಆದರೆ ಕುಂದಾಪುರ ಒಂದು ದಿಕ್ಕಿಗೆ 38 ಕಿ.ಮೀ., ಮಂಗಳೂರು ಇನ್ನೊಂದು ದಿಕ್ಕಿಗೆ 60ರ ಹತ್ತಿರ. ದಿನಾ ನಡುರಾತ್ರಿ ಈ ದೂರ ಓಡಾಡಿದರೆ ಮೂರನೇ ದಿನಕ್ಕೆ ಆಟದಲ್ಲಿ ತೂಕಡಿಕೆ. ಒಂದು ವಾರದಲ್ಲಿ ಮೊದಲರ್ಧ ಒಂದು ತಿಟ್ಟು, ಉಳಿದರ್ಧ ಇನ್ನೊಂದು, ನಡುವೆ ಕೋಣೆ ಬದಲಿಸಿ.

ಆಟ ಆಯ್ಕೆ ಮಾಡುವಾಗ ಆಮಂತ್ರಣ ಪತ್ರಿಕೆಯ ಕೆಳಭಾಗ ಓದಿ. ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಸನ್ಮಾನಿತರು ಎಂದು ಹತ್ತು ಹನ್ನೆರಡು ಹೆಸರಿದ್ದರೆ ಸಭಾ ಕಾರ್ಯಕ್ರಮಕ್ಕೆ ಒಂದು ಗಂಟೆ ಎಂದೇ ತಿಳಿಯಿರಿ. ಇಡೀ ರಾತ್ರಿಯ ಆಟದಲ್ಲಿ ಆ ಒಂದು ಗಂಟೆ ಎಲ್ಲೋ ಕರಗಿಹೋಗುತ್ತಿತ್ತು, ಚಾ ಕುಡಿದು ಬಂದರೆ ಆಯಿತು. ನಾಲ್ಕೈದು ಗಂಟೆಯ ಕಾಲಮಿತಿಯಲ್ಲಿ ಅದು ಪ್ರಸಂಗದ ಹೊಟ್ಟೆಯನ್ನೇ ಕೊಯ್ಯುತ್ತದೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಸನ್ಮಾನ ಪತ್ರದ ವಾಚನ ಎಲ್ಲ ಮುಗಿಯುವಾಗ ಹೊತ್ತು ಮೀರಿರುತ್ತದೆ. ಹಾಡುವ ಭಾಗವತರು ಪದ್ಯ ಹಾರಿಸುತ್ತಾರೆ, ವೇಷಧಾರಿಗೆ ಎರಡು ಮಾತಿಗೆ ನಿಲ್ಲಿಸು ಎಂಬ ಸನ್ನೆ ಹೋಗುತ್ತದೆ, ಕೊನೆಯ ಯುದ್ಧ ನಾಲ್ಕು ಸುತ್ತಿನಲ್ಲಿ ಮುಗಿಯುತ್ತದೆ. ದೊಡ್ಡ ಹೆಸರಿನ ಕಲಾವಿದರನ್ನೆಲ್ಲ ಒಟ್ಟುಗೂಡಿಸಿದ ಸಭಾಭವನದ ಆಟಗಳಲ್ಲಿ ಈ ಕಾಟ ಜಾಸ್ತಿ. ಎಸಿ, ಮೆತ್ತನೆ ಕುರ್ಚಿ ಬೇಕೇ ಬೇಕು ಎನ್ನುವವರು ಹೋಗಲಿ. ಹರಕೆಯ ಬಯಲಾಟದಲ್ಲಿ ಸೇವೆ ಮಾಡಿಸುವ ಮನೆಯವರಿಗೆ ಪ್ರಸಾದ ಕೊಟ್ಟು ಆಟ ಮುಂದೆ ಸಾಗುತ್ತದೆ. ಸರದಿಗಾಗಿ ವರ್ಷಗಟ್ಟಲೆ ಕಾದು ಆಡಿಸುವ ಆಟ ಅದು, ಅವರಿಗೂ ಭಾಷಣ ಬೇಕಿರುವುದಿಲ್ಲ. ಟಿಕೆಟ್ ಇಟ್ಟು ಆಡುವ ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳಲ್ಲಿ ಹೊಸ ಸಾಮಾಜಿಕ ಪ್ರಸಂಗಗಳು ಹೆಚ್ಚು. ಪೌರಾಣಿಕ ಬೇಕೆಂದು ಬಂದವರು ಪೋಸ್ಟರಿನ ಪ್ರಸಂಗದ ಹೆಸರು ನೋಡಿಯೇ ಟಿಕೆಟ್ ತೆಗೆಯಿರಿ. ತುಳು ಪ್ರಸಂಗಕ್ಕೆ ಭಾಷೆ ಬಾರದವರು ಹೋದರೆ ಹಾಸ್ಯಗಾರನ ಮಾತಿಗೆ ಇಡೀ ಗದ್ದೆ ನಗುವಾಗ ಸುಮ್ಮನೆ ಕೂರಬೇಕು.

ಕಟೀಲು ಮೇಳದ ‘ದೇವಿ ಮಹಾತ್ಮೆ’ ಸಿಕ್ಕಿದರೆ ಬೇರೆ ಏನಿದ್ದರೂ ಬಿಡಿ. ಮಹಿಷಾಸುರ ರಂಗಸ್ಥಳದ ಪರದೆಯ ಹಿಂದಿನಿಂದ ಬರುವುದಿಲ್ಲ. ಪ್ರೇಕ್ಷಕರ ಹಿಂದಿನಿಂದ, ದೊಂದಿಯ ಬೆಳಕಿನಲ್ಲಿ, ಬೊಬ್ಬೆ ಹೊಡೆಯುತ್ತ ಜನರ ನಡುವಿನ ದಾರಿಯಲ್ಲಿ ಬರುತ್ತಾನೆ. ದೊಂದಿಗೆ ರಾಳದ ಹುಡಿ ಎರಚಿದಾಗ ಬೆಂಕಿ ಆಳೆತ್ತರ ಏಳುತ್ತದೆ. ಆ ದಾರಿಯ ಪಕ್ಕದ ಕುರ್ಚಿ ಸಿಗುವುದು ಅದೃಷ್ಟವೇ, ಆದರೆ ಒಂದೆರಡು ಕುರ್ಚಿ ಒಳಗೆ ಕೂರುವುದು ಜಾಣತನ. ನೈಲಾನ್ ಸೀರೆ, ದುಪಟ್ಟಾ ಬೇಡ, ಚಿಕ್ಕ ಮಕ್ಕಳಿಗೆ ಮೊದಲೇ ಹೇಳಿಡಿ. ಮೊಬೈಲ್ ಹಿಡಿದು ದಾರಿಗೆ ಅಡ್ಡ ನಿಲ್ಲುವವರಿಗೆ ಊರವರಿಂದ ಬೈಗುಳ ಖಂಡಿತ, ಬೈಯಲಿ.

ಸಂಜೆ ಬೇಗ ಹೋದರೆ ಚೌಕಿ ನೋಡಬಹುದು. ಚಪ್ಪಲಿ ಹೊರಗೆ ಬಿಡಿ, ಕಿರೀಟ ಮುಟ್ಟಬೇಡಿ, ಬಣ್ಣ ಹಾಕುತ್ತಿರುವವರ ಮುಖಕ್ಕೆ ಫ್ಲ್ಯಾಶ್ ಹೊಡೆಯಬೇಡಿ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದ ಉಬ್ಬು ಚುಕ್ಕೆಗಳ ಚುಟ್ಟಿ ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ಮಾತಾಡಿಸಿದರೆ ಮುಖದ ಸ್ನಾಯು ಅಲುಗಿ ಚುಟ್ಟಿ ಬಿರುಕು ಬಿಡುತ್ತದೆ.

ಇನ್ನು ಊಟ. ಹರಕೆ ಆಟದಲ್ಲಿ ಬಂದವರಿಗೆಲ್ಲ ಊಟ ಇರುತ್ತದೆ. ಕರೆಯದೇ ಬಂದೆವಲ್ಲ ಎಂಬ ಸಂಕೋಚ ಬೇಡ, ಊಟ ಮಾಡದೆ ಹೋದರೇ ಅವರಿಗೆ ಬೇಸರ. ಕುಚ್ಚಲಕ್ಕಿ ಅನ್ನ, ಸಾರು, ಸಾಂಬಾರು, ಪಲ್ಯ, ಪಾಯಸ. ಎಂಟು ಗಂಟೆಯೊಳಗೆ ಪಂಕ್ತಿಗೆ ಕೂತರೆ ಒಳ್ಳೆಯದು, ಆಮೇಲೆ ಪಾಯಸ ತೆಳುವಾಗುತ್ತದೆ. ಆಟದ ಗದ್ದೆಯ ಸುತ್ತ ಚರುಮುರಿ, ನೆಲಗಡಲೆ, ಚಾ ಸಿಗುತ್ತದೆ. ಚರುಮುರಿಯವರಿಗೆ ತೆಂಗಿನೆಣ್ಣೆ, ಈರುಳ್ಳಿ ಸ್ವಲ್ಪ ಜಾಸ್ತಿ ಹಾಕಲು ಹೇಳಿ.

ಬೆಳಿಗ್ಗೆ ತಡವಾಗಿ ಎದ್ದವರಿಗೆ ಬಸ್ ನಿಲ್ದಾಣದ ಹಿಂಬದಿಯ, ನಾಲ್ಕೈದು ಮೇಜಿನ, ಬೋರ್ಡು ಮಾಸಿದ ಹೋಟೆಲುಗಳೇ ಸರಿ. ಸಜ್ಜಿಗೆ ಅವಲಕ್ಕಿ ಕೇಳಿ. ಕಲಸಿದ ತೆಳು ಅವಲಕ್ಕಿಯ ಮೇಲೆ ಬಿಸಿ ಸಜ್ಜಿಗೆ (ಉಪ್ಪಿಟ್ಟು), ಅದರ ಮೇಲೆ ಕಡ್ಲೆ ಗಸಿ ಹಾಕಿಸಿಕೊಂಡರೆ ಮಧ್ಯಾಹ್ನದವರೆಗೆ ಏನೂ ಬೇಡ. ಬನ್ಸ್ ಕೇಳುವುದಾದರೆ ಬಾಣಲೆಯಿಂದ ಈಗಷ್ಟೇ ತೆಗೆದದ್ದು ಇದೆಯಾ ನೋಡಿ. ಆರಿದ ಬನ್ಸ್ ಎಣ್ಣೆ ಕುಡಿದು ರಬ್ಬರಾಗುತ್ತದೆ. ಒಳ್ಳೇ ಬನ್ಸಿನಲ್ಲಿ ಬಾಳೆಹಣ್ಣಿನ ಸಿಹಿ, ಜೀರಿಗೆಯ ವಾಸನೆ ಎರಡೂ ಇರಬೇಕು, ಮುರಿದರೆ ಒಳಗೆ ಜಾಳಿಗೆ ಕಾಣಬೇಕು. ಮೂಡೆ ಇದ್ದರೆ ಬಿಡಬೇಡಿ. ಮುಂಡುಕದ ಎಲೆಯ ಕೊಟ್ಟೆಯಲ್ಲಿ ಬೆಂದ ಹಿಟ್ಟಿಗೆ ಬರುವ ಪರಿಮಳ ಸ್ಟೀಲ್ ಲೋಟದಲ್ಲಿ ಬೇಯಿಸಿದ್ದಕ್ಕೆ ಬರುವುದಿಲ್ಲ. ನಿದ್ದೆಗೆಟ್ಟು ಹೊಟ್ಟೆ ಕೆಟ್ಟ ದಿನ ಮಧ್ಯಾಹ್ನಕ್ಕೆ ಗಂಜಿ ಊಟ: ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಚಟ್ನಿ, ಸುಟ್ಟ ಹಪ್ಪಳ. ಉಡುಪಿ ರಥಬೀದಿಯ ಹತ್ತಿರದ ಮಿತ್ರ ಸಮಾಜದ ಗೋಳಿಬಜೆ ಹೆಸರುವಾಸಿ, ಹೆಸರಿಗೆ ತಕ್ಕ ಹಾಗೇ ಇದೆ. ಕೂರಲು ಜಾಗ ಸಿಗುವುದು ನಿಮ್ಮ ಪುಣ್ಯ. ಹವಾನಿಯಂತ್ರಿತ ‘ಉಡುಪಿ ಊಟ’ದ ಥಾಲಿಗೆ ನಾಲ್ಕು ಪಟ್ಟು ಕೊಡುವ ಅಗತ್ಯ ಕಾಣುವುದಿಲ್ಲ.

ನಿದ್ದೆ ಬಿಡಲಾಗದವರಿಗೆ, ಮೊಣಕಾಲು ನೋವಿರುವ ಹಿರಿಯರಿಗೆ ತಾಳಮದ್ದಳೆ ಇದೆ. ವೇಷ ಇಲ್ಲ, ಕುಣಿತ ಇಲ್ಲ, ಮಾತೇ ಎಲ್ಲ. ಸಾಮಾನ್ಯವಾಗಿ ದೇವಸ್ಥಾನದ ಸಭಾಂಗಣದಲ್ಲಿ, ಇಳಿಹೊತ್ತಿನಲ್ಲಿ ನಡೆಯುತ್ತದೆ. ಕೃಷ್ಣ ಸಂಧಾನವೋ ಕರ್ಣಪರ್ವವೋ ಇದ್ದರೆ ಕಥೆಯನ್ನು ಹಿಂದಿನ ದಿನ ಒಮ್ಮೆ ಓದಿಕೊಂಡು ಹೋಗಿ. ಅರ್ಥಧಾರಿಗಳು (ಪಾತ್ರವಾಗಿ ಮಾತಾಡುವವರು) ಕಥೆ ಹೇಳುವುದಿಲ್ಲ, ಕಥೆ ಗೊತ್ತಿದೆ ಎಂದುಕೊಂಡೇ ವಾದಕ್ಕಿಳಿಯುತ್ತಾರೆ. ಇಲ್ಲಿಂದ ವಾಪಸು ಬರಲು ಸಂಜೆಯ ಬಸ್ಸೂ ಸಿಗುತ್ತದೆ.