ಮಿದುಳಿನ ಸಯಾಲಿಕ್ ಆಮ್ಲ: ಲೆಕ್ಕ ತಪ್ಪುವುದು ಎಲ್ಲಿ?

ಮಿದುಳಿನ ಗ್ಲೈಕೊಪ್ರೋಟೀನುಗಳಲ್ಲಿ (ಸಕ್ಕರೆ ಸರಪಳಿ ಹೊತ್ತ ಪ್ರೋಟೀನುಗಳಲ್ಲಿ) ಎಷ್ಟು ಸಯಾಲಿಕ್ ಆಮ್ಲ, ಅಂದರೆ ಆ ಸರಪಳಿಗಳ ತುದಿಯಲ್ಲಿರುವ ಆಮ್ಲೀಯ ಸಕ್ಕರೆ, ಇದೆ ಎಂದು ಅಳೆದಾಗ ಅಂಕಿ ಸುಮ್ಮಸುಮ್ಮನೆ ದುಪ್ಪಟ್ಟು ಬರುವುದುಂಟು. ಹೆಚ್ಚಿನ ಸಲ ತಪ್ಪು ಉಪಕರಣದ್ದಲ್ಲ. ಮಿದುಳಿನಲ್ಲಿ ಈ ಆಮ್ಲದ ಸುಮಾರು ಮೂರನೇ ಎರಡು ಪಾಲು ಪ್ರೋಟೀನಿನ ಮೇಲಿಲ್ಲ, ಗ್ಯಾಂಗ್ಲಿಯೋಸೈಡ್ ಎಂಬ ಲಿಪಿಡ್ಡುಗಳ (ಕೊಬ್ಬಿನಂಥ ವಸ್ತುಗಳ) ಮೇಲಿದೆ. ಗುನ್ನಾರ್ ಬ್ಲಿಕ್ಸ್ 1936ರಲ್ಲಿ ಈ ಆಮ್ಲವನ್ನು ದನದ ಜೊಲ್ಲುಗ್ರಂಥಿಯ ಮ್ಯೂಸಿನ್ ಎಂಬ ಲೋಳೆ ಪ್ರೋಟೀನಿನಿಂದ ತೆಗೆದರು. ಅರ್ನ್ಸ್ಟ್ ಕ್ಲೆಂಕ್ 1941ರಲ್ಲಿ ಮಿದುಳಿನ ಲಿಪಿಡ್ಡಿನಿಂದ ತೆಗೆದು ನ್ಯೂರಮಿನಿಕ್ ಆಮ್ಲ ಎಂದು ಹೆಸರಿಟ್ಟರು. ವಸ್ತು ಒಂದೇ ಕುಲದ್ದು, ಮನೆ ಮಾತ್ರ ಎರಡು. ಆಮ್ಲವನ್ನು ಅಳೆಯುವ ಬಣ್ಣದ ಪರೀಕ್ಷೆಗೆ ಆ ಎರಡು ಮನೆಗಳ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಲಿಪಿಡ್ ತೆಗೆಯುವುದು. 1 ಗ್ರಾಂ ಅಂಗಾಂಶವನ್ನು ಐಸಿನ ಮೇಲೆ, 20 ಮಿ.ಲೀ. ಕ್ಲೋರೋಫಾರ್ಮ್–ಮೆಥನಾಲ್ (2:1) ದ್ರಾವಣದಲ್ಲಿ ನುಣ್ಣಗೆ ಅರೆದು ಸೆಂಟ್ರಿಫ್ಯೂಜ್ ಮಾಡಬೇಕು. ಗಾಜಿನ ಟ್ಯೂಬೇ ಆಗಬೇಕು, ಪಾಲಿಸ್ಟೈರೀನ್ ಟ್ಯೂಬು ಕ್ಲೋರೋಫಾರ್ಮಿನಲ್ಲಿ ಕರಗಿಹೋಗುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಗ್ಯಾಂಗ್ಲಿಯೋಸೈಡಿಗೆ ನೀರಿನ ಕಡೆಗೂ ಒಲವಿರುವುದರಿಂದ ಒಂದು ಪಾಲು ತಳದಲ್ಲಿ ಉಳಿದ ಪ್ರೋಟೀನಿನ ಚರಟದಲ್ಲೇ ಅಂಟಿಕೊಂಡಿರುತ್ತದೆ. ಅದೇ ಚರಟವನ್ನು ಈ ಸಲ ಮೆಥನಾಲ್ ಹೆಚ್ಚಿರುವ 1:2 ದ್ರಾವಣದಿಂದ ಇನ್ನೊಮ್ಮೆ ತೊಳೆಯಲೇಬೇಕು. ತೊಳೆದ ದ್ರವವನ್ನು ಚೆಲ್ಲಬೇಡಿ. ಕೊನೆಯ ತೊಳೆತವನ್ನೂ ಪರೀಕ್ಷಿಸಿ, ಅದರಲ್ಲಿ ಬಣ್ಣ ಬಂದರೆ ಇನ್ನೊಂದು ಸುತ್ತು ಬಾಕಿ ಇದೆ ಎಂದೇ ಅರ್ಥ.

ಲಿಯೊನಾರ್ಡ್ ವಾರೆನ್ 1959ರಲ್ಲಿ ಕೊಟ್ಟ ಥಯೋಬಾರ್ಬಿಟ್ಯೂರಿಕ್ ಆಮ್ಲದ ವಿಧಾನವೇ ಆ ಬಣ್ಣದ ಪರೀಕ್ಷೆ. ಅದು ಸರಪಳಿಯಿಂದ ಬಿಡುಗಡೆಯಾದ ಸಯಾಲಿಕ್ ಆಮ್ಲವನ್ನು ಮಾತ್ರ ಕಾಣುತ್ತದೆ. ಆದ್ದರಿಂದ ಒಣಗಿದ ಚರಟವನ್ನು 0.1 ನಾರ್ಮಲ್ ಸಲ್ಫ್ಯೂರಿಕ್ ಆಮ್ಲದಲ್ಲಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಗಂಟೆ ಇಡಬೇಕು. ಈ ಬಿಡಿಸುವಿಕೆಯೇ ಹೈಡ್ರಾಲಿಸಿಸ್; ಅದನ್ನು ಮಾಡದ ಇನ್ನೊಂದು ಟ್ಯೂಬನ್ನು ಜೊತೆಗೇ ಓಡಿಸಿ, ಅದರ ಅಂಕಿಯನ್ನು ಕಳೆಯಬೇಕು. ಬಣ್ಣ ಬಂದೇ ಇಲ್ಲ ಎನ್ನುವಷ್ಟು ಕಡಿಮೆ ಬಂದರೆ ಸಯಾಲಿಕ್ ಆಮ್ಲಕ್ಕೆ ಅಂಟಿರುವ ಓ-ಅಸಿಟೈಲ್ ಗುಂಪುಗಳ ಮೇಲೆ ಅನುಮಾನ ಪಡಿ: ಅವು ಪಕ್ಕದ ಕಾರ್ಬನ್‌ಗಳನ್ನು ಮುಚ್ಚಿ, ಪರೀಕ್ಷೆಯ ಮೊದಲ ಹೆಜ್ಜೆಯಲ್ಲಿ ಆ ಕಾರ್ಬನ್‌ಗಳ ನಡುವೆ ಕತ್ತರಿಸುವ ಪೆರಿಅಯೊಡೇಟಿಗೆ ಅಡ್ಡ ಬರುತ್ತವೆ. ತೆಳು ಕ್ಷಾರದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕಳಚಿಕೊಳ್ಳುತ್ತವೆ.

ಪರೀಕ್ಷೆಯಲ್ಲಿ 0.2 ಮಿ.ಲೀ. ಮಾದರಿಗೆ 0.1 ಮಿ.ಲೀ. ಪೆರಿಅಯೊಡೇಟ್ (9 ಮೋಲಾರ್ ಫಾಸ್ಫಾರಿಕ್ ಆಮ್ಲದಲ್ಲಿ 0.2 ಮೋಲಾರ್) ಹಾಕಿ 20 ನಿಮಿಷ ಬಿಡುವುದು, ಆಮೇಲೆ ಮಿಕ್ಕ ಪೆರಿಅಯೊಡೇಟನ್ನು ಮುಗಿಸಲು 1 ಮಿ.ಲೀ. 10% ಸೋಡಿಯಂ ಆರ್ಸೆನೈಟ್. ಅದು ವಿಷ, ಬಾಯಿಂದ ಪಿಪೆಟ್ ಎಳೆಯುವ ಹಳೆಯ ಚಾಳಿ ಇದ್ದರೆ ಇವತ್ತೇ ಬಿಡಿ. ಕಂದು ಬಣ್ಣ ಪೂರ್ತಿ ಮಾಯವಾಗುವವರೆಗೆ ಅಲ್ಲಾಡಿಸಿ. ಪೆರಿಅಯೊಡೇಟ್ ಉಳಿದುಬಿಟ್ಟರೆ ಮುಂದಿನ ಬಣ್ಣ ಕೆಡುತ್ತದೆ, ಅವಸರದಲ್ಲಿ ಎಡವುವುದು ಇಲ್ಲೇ. ನಂತರ 3 ಮಿ.ಲೀ. 0.6% ಥಯೋಬಾರ್ಬಿಟ್ಯೂರಿಕ್ ಆಮ್ಲ, ಕುದಿನೀರಿನಲ್ಲಿ 15 ನಿಮಿಷ. ತಣ್ಣಗಾಗುತ್ತಿದ್ದಂತೆ ನೀರಿನಲ್ಲಿ ಬಣ್ಣ ಮಸುಕಾಗುವುದರಿಂದ ಸೈಕ್ಲೋಹೆಕ್ಸನೋನ್ ಎಂಬ ದ್ರಾವಕಕ್ಕೆ ಎಳೆದುಕೊಂಡು ಕೂಡಲೇ ಓದಬೇಕು, ಅಂದರೆ ಬಣ್ಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯಬೇಕು.

ಓದುವುದು ಒಂದೇ ತರಂಗಾಂತರದಲ್ಲಿ ಅಲ್ಲ, 549 ಮತ್ತು 532 ನ್ಯಾನೋಮೀಟರ್ ಎರಡರಲ್ಲೂ. ಡಿಎನ್‌ಎಯ ಡಿಆಕ್ಸಿರೈಬೋಸ್ 532ರಲ್ಲಿ ತಲೆ ಎತ್ತುತ್ತದೆ. ಉತ್ಕರ್ಷಣಗೊಂಡ ಕೊಬ್ಬಿನಿಂದ ಬರುವ ಮಲಾನ್‌ಡೈಆಲ್ಡಿಹೈಡ್ ಕೂಡ ಅಲ್ಲೇ. ಕೊಬ್ಬು ತುಂಬಿದ ಮಿದುಳಿನಲ್ಲಿ ಈ ಎರಡನೆಯದರ ಕಾಟ ಸಣ್ಣದಲ್ಲ. ವಾರೆನ್ ಸೂತ್ರ: ಮೈಕ್ರೊಮೋಲ್ = 0.090 × (549ರ ಓದು) − 0.033 × (532ರ ಓದು). ಓದುಗಳು 0.500 ಮತ್ತು 0.300 ಆಗಿದ್ದರೆ 0.0450 − 0.0099, ಅಂದರೆ 0.0351 ಮೈಕ್ರೊಮೋಲ್. ಸಯಾಲಿಕ್ ಆಮ್ಲದ ಅಣುತೂಕ 309ರಿಂದ ಗುಣಿಸಿದರೆ 0.2 ಮಿ.ಲೀ. ಮಾದರಿಯಲ್ಲಿ ಸುಮಾರು 10.8 ಮೈಕ್ರೊಗ್ರಾಂ. 532ರ ಓದು 549ರದ್ದನ್ನು ಮೀರಿದ ಟ್ಯೂಬನ್ನು ಸೂತ್ರಕ್ಕೆ ತುರುಕಬೇಡಿ, ಮಾದರಿಯನ್ನೇ ಮತ್ತೆ ತೊಳೆಯಿರಿ.

ಇನ್ನು, ಗ್ಲೈಕೊಪ್ರೋಟೀನುಗಳನ್ನು ಬೇರ್ಪಡಿಸಲು ಇದೇ ಚರಟದಿಂದ ಲೆಕ್ಟಿನ್ (ಸಕ್ಕರೆಗಳನ್ನು ಹಿಡಿಯುವ ಪ್ರೋಟೀನು) ಕಾಲಂ ಓಡಿಸುವ ಆಸೆ ಬೇಡ. ಕ್ಲೋರೋಫಾರ್ಮ್ ಕಂಡ ಪ್ರೋಟೀನು ಮುದುಡಿ ಕರಗದಂತಾಗಿರುತ್ತದೆ. ಮೊದಲೇ ಅಂಗಾಂಶವನ್ನು ಎರಡು ಪಾಲು ಮಾಡಿ, ಒಂದರ ಪೊರೆಗಳನ್ನು 1% ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕದಲ್ಲಿ ಕರಗಿಸಿಕೊಳ್ಳಿ. ಕಾನ್‌ಎ (ಕಾನ್‌ಕನಾವಲಿನ್ ಎ) ಲೆಕ್ಟಿನ್ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯಬೇಕಾದರೆ ಕ್ಯಾಲ್ಸಿಯಂ, ಮ್ಯಾಂಗನೀಸ್ ಎರಡೂ ಬೇಕು. ತಲಾ 1 ಮಿಲಿಮೋಲಾರ್ ಸಾಕು. ಪ್ರೋಟಿಯೇಸ್ (ಪ್ರೋಟೀನು ಕತ್ತರಿಸುವ ಕಿಣ್ವ) ತಡೆಗೆಂದು ಅಭ್ಯಾಸಬಲದಿಂದ ಸೇರಿಸಿದ, ಲೋಹದ ಅಯಾನುಗಳನ್ನು ಹಿಡಿಯುವ ಇಡಿಟಿಎ ಅವೆರಡನ್ನೂ ಕಿತ್ತುಕೊಳ್ಳುತ್ತದೆ, ಆಗ ಮಾದರಿಯೆಲ್ಲ ಕಾಲಮಿನಿಂದ ಸೀದಾ ಹೊರಗೆ. ಫಾಸ್ಫೇಟ್ ಬಫರ್ ಬಳಸಿದರೆ ಕ್ಯಾಲ್ಸಿಯಂ ಬಿಳಿ ಗಸಿಯಾಗಿ ಕೂರುತ್ತದೆ, ಟ್ರಿಸ್ ಇರಲಿ. ಕೊನೆಗೆ 0.2ರಿಂದ 0.5 ಮೋಲಾರ್ ಮೀಥೈಲ್ ಮ್ಯಾನೋಸೈಡಿನಲ್ಲಿ ಗ್ಲೈಕೊಪ್ರೋಟೀನನ್ನು ಕಾಲಮಿನಿಂದ ಇಳಿಸುವಾಗ ಮ್ಯಾನೋಸ್ ಹೆಚ್ಚಿರುವ ಸರಪಳಿಗಳು ಬೇಗ ಬಿಡುವುದಿಲ್ಲ. ಬಫರ್ ಬೆಚ್ಚಗೆ ಮಾಡಿ, ಹರಿವು ನಿಲ್ಲಿಸಿ ಸ್ವಲ್ಪ ಹೊತ್ತು ಕಾದು ಮತ್ತೆ ಹರಿಸಿ.