ಸ್ಪರ್ಧೆಗೆ ಆಧುನಿಕ ಕೃತಿ: ಪಿಟೀಲುವಾದಕರು ಮೊದಲೇ ಆರಿಸಬೇಕಾದದ್ದು

ಅಂತರರಾಷ್ಟ್ರೀಯ ಪಿಟೀಲು ಸ್ಪರ್ಧೆಯ ನಿಯಮಪತ್ರ ಕೈಗೆ ಬಂದಾಗ ಬಾಖ್‌ ಸೊನಾಟಾ, ಪಗಾನಿನಿ ಕ್ಯಾಪ್ರಿಸ್, ರೊಮ್ಯಾಂಟಿಕ್ ಕಾಲದ ಕನ್ಸರ್ಟೊ ಎಂಬ ಸಾಲುಗಳು ಯಾರನ್ನೂ ಅಷ್ಟಾಗಿ ಕಾಡುವುದಿಲ್ಲ. ಅವೆಲ್ಲ ವರ್ಷಗಟ್ಟಲೆ ಕೈಯಲ್ಲಿ ಪಳಗಿದ ಕೃತಿಗಳು. ತೊಡಕು ಶುರುವಾಗುವುದು "ಒಂದು ಆಧುನಿಕ ಕೃತಿ" ಎಂಬ ಸಾಲಿನಲ್ಲಿ. ಹೆಚ್ಚಿನವರು ಮಿಕ್ಕಿದ್ದೆಲ್ಲ ತೀರ್ಮಾನವಾದ ಮೇಲೆ ಉಳಿದ ಎಂಟು ನಿಮಿಷಕ್ಕೆ ಏನಾದರೊಂದನ್ನು ಹುಡುಕುತ್ತಾರೆ. ಆಗಬೇಕಾದದ್ದು ಇದರ ತಿರುಗುಮುರುಗು. ಆಧುನಿಕ ಕೃತಿಯನ್ನು ಮೊದಲು ಆರಿಸಿ, ಉಳಿದದ್ದನ್ನು ಅದರ ಸುತ್ತ ಜೋಡಿಸಬೇಕು. ಬಾಖ್ ನುಡಿಸುವಾಗ ನಿಮ್ಮ ಹಿಂದೆ ನೂರಾರು ಧ್ವನಿಮುದ್ರಣಗಳೂ ಗುರುಗಳು ಹೇಳಿಕೊಟ್ಟ ಪಾಠವೂ ಇರುತ್ತವೆ. ಇಪ್ಪತ್ತು ವರ್ಷದ ಹಿಂದೆ ಬರೆದ ಕೃತಿಯಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಸ್ವರಕ್ಕೆ ತೂಕ ಕೊಡಬೇಕು ಎಂಬುದನ್ನು ಬಹುಪಾಲು ನೀವೇ ನಿರ್ಧರಿಸಬೇಕು. ತೀರ್ಪುಗಾರರಿಗೆ ನಿಮ್ಮ ಸ್ವಂತ ಬುದ್ಧಿ ಕೇಳಿಸುವುದು ಅಲ್ಲೇ.

ಮೊದಲ ಕೆಲಸ ನಿಯಮವನ್ನು ಅಕ್ಷರಅಕ್ಷರವಾಗಿ ಓದುವುದು. "ಆಧುನಿಕ" ಎಂಬ ಪದಕ್ಕೆ ಎಲ್ಲ ಕಡೆ ಒಂದೇ ಅರ್ಥವಿಲ್ಲ. ಒಂದು ಸ್ಪರ್ಧೆ 1945ರ ನಂತರದ್ದು ಎನ್ನಬಹುದು, ಇನ್ನೊಂದು 1970ರ ನಂತರದ್ದು, ಮತ್ತೊಂದು ಬದುಕಿರುವ ಸಂಯೋಜಕರದ್ದೇ ಆಗಬೇಕು ಎನ್ನಬಹುದು. ಇಲ್ಲಿ ಒಂದೆರಡು ವರ್ಷದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಬಾರ್ಟೋಕ್‌ನ ಸೋಲೋ ಸೊನಾಟಾ 1944ರದ್ದು, ಪ್ರೊಕೊಫಿಯೆವ್‌ನ ಸೋಲೋ ಸೊನಾಟಾ 1947ರದ್ದು. 1945ರ ಗೆರೆ ಎಳೆದರೆ ಹೆಚ್ಚು ಧೈರ್ಯದ ಬಾರ್ಟೋಕ್ ಹೊರಗುಳಿದು, ಸೌಮ್ಯವಾದ ಪ್ರೊಕೊಫಿಯೆವ್ ಒಳಗೆ ಬರುತ್ತದೆ. ಈಸಾಯಿಯ ಆರು ಸೊನಾಟಾಗಳು 1923ರವು. ಅವಕ್ಕೆ ಅನೇಕ ಕಡೆ ಬೇರೆಯದೇ ವಿಭಾಗವಿರುತ್ತದೆ, ಅವನ್ನು ಆಧುನಿಕ ಕೃತಿಯ ಜಾಗದಲ್ಲಿ ತುಂಬಲು ಹೋಗಿ ಅರ್ಜಿ ವಾಪಸ್ ಬರಿಸಿಕೊಳ್ಳಬೇಡಿ. ಪಿಯಾನೊ ಜೊತೆಗಿರಬಹುದೇ, ಎಲೆಕ್ಟ್ರಾನಿಕ್ಸ್ ಇರಬಹುದೇ, ಸ್ವರಲಿಪಿ ನೋಡಿ ನುಡಿಸಬಹುದೇ, ಒಂದು ಕೃತಿಯ ಬಿಡಿ ಭಾಗಗಳನ್ನು ಒಪ್ಪುತ್ತಾರೆಯೇ ಎಂಬ ನಾಲ್ಕು ಪ್ರಶ್ನೆಗೆ ನಿಯಮದಲ್ಲಿ ಉತ್ತರ ಸಿಗದಿದ್ದರೆ ಆಯೋಜಕರಿಗೆ ಬರೆದು ಕೇಳಿ, ಬಂದ ಉತ್ತರವನ್ನು ಜೋಪಾನ ಮಾಡಿ.

ಇನ್ನು ಸಮಯ. ಪ್ರಕಾಶಕರು ಮುಖಪುಟದಲ್ಲಿ ಹಾಕುವ ಅವಧಿಯನ್ನು ನಂಬಬೇಡಿ. ನೀವೇ ಮೂರು ಸಲ ಪೂರ್ತಿ ನುಡಿಸಿ ಅಳೆದು, ಅತಿ ನಿಧಾನವಾದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಅದರ ಮೇಲೆ ಶ್ರುತಿ ಸರಿಮಾಡಲು, ಸ್ಟ್ಯಾಂಡ್ ಸರಿಸಲು, ಭಾಗಗಳ ನಡುವೆ ನಿಲ್ಲಲು ಒಂದೂವರೆ ನಿಮಿಷ ಸೇರಿಸಿ. ಬಾರ್ಟೋಕ್ ಪೂರ್ತಿ ನುಡಿಸಿದರೆ ಸುಮಾರು 25 ನಿಮಿಷ. 40 ನಿಮಿಷದ ಸುತ್ತಿನಲ್ಲಿ ಅದು ಅರ್ಧಕ್ಕಿಂತ ಹೆಚ್ಚನ್ನು ನುಂಗಿಬಿಡುತ್ತದೆ. ಸಾಲೊನೆನ್‌ನ 'ಲಾಖೆನ್ ಫೆರ್ಲೆರ್ನ್‌ಟ್' (2002) ಹತ್ತು ನಿಮಿಷದ ಆಸುಪಾಸು, ಬುಲೆಜ್‌ನ 'ಆಂಥೆಮ್' (1991) ಎಂಟೊಂಬತ್ತು, ಸಾರಿಯಾಹೊ ಅವರು ಲುಟೊಸ್ವಾಫ್ಸ್ಕಿಯ ನೆನಪಿಗೆ ಬರೆದ 'ನಾಕ್ಟರ್ನ್' (1994) ಆರರ ಹತ್ತಿರ. ಗಂಟೆ ಬಾರಿಸಿ ನಿಲ್ಲಿಸುವ ಸ್ಪರ್ಧೆಗಳಲ್ಲಿ ಕೊನೆಯ ಕೃತಿಯ ಕೊನೆಯ ಪುಟವೇ ಕತ್ತರಿಸಿಹೋಗುತ್ತದೆ. ಎಷ್ಟೋ ಆಧುನಿಕ ಕೃತಿಗಳ ಜೀವ ಇರುವುದೇ ಆ ಕೊನೆಯ ಪುಟದಲ್ಲಿ, ಎಲ್ಲ ಅಬ್ಬರ ಇಳಿದು ಒಂದು ಸ್ವರ ಉಳಿಯುವ ಜಾಗದಲ್ಲಿ. ಹಾಗಾಗಿ ಅದನ್ನು ಸುತ್ತಿನ ಕೊನೆಗೆ ಇಡದೆ, ಮೊದಲನೆಯದಾಗಿಯೋ ಎರಡನೆಯದಾಗಿಯೋ ಇಡುವುದು ಕ್ಷೇಮ.

ಯಾವ ಕೃತಿ ಎಂಬ ಪ್ರಶ್ನೆಗೆ ಬಂದರೆ, ಕಾರ್ಯಕ್ರಮದಲ್ಲಿ ಬೇರೆ ಯಾವುದೂ ತೋರಿಸದ ಏನನ್ನು ಇದು ತೋರಿಸುತ್ತದೆ ಎಂದು ಕೇಳಿಕೊಳ್ಳಬೇಕು. ವೇಗ, ಡಬಲ್ ಸ್ಟಾಪ್ (ಎರಡು ತಂತಿ ಒಟ್ಟಿಗೆ ನುಡಿಸುವುದು), ಎಡಗೈ ಪಿಜಿಕಾಟೊ (ಬೆರಳಿನಿಂದ ತಂತಿ ಮೀಟುವುದು) ಎಲ್ಲವನ್ನೂ ಪಗಾನಿನಿ ತೋರಿಸಿಯಾಗಿರುತ್ತದೆ. ಮತ್ತೆ ಅದನ್ನೇ ಹೊಸ ವೇಷದಲ್ಲಿ ತಂದರೆ ತೀರ್ಪುಗಾರರ ಕಿವಿಗೆ ಸಿಗುವುದು ಕಡಿಮೆ. ಪಕ್ಕದ ಕೃತಿಯ ಜೊತೆ ಅದು ಮಾತಾಡುವಂತಿದ್ದರೆ ಇನ್ನೂ ಒಳ್ಳೆಯದು. ಬಾರ್ಟೋಕ್‌ನ ನಾಲ್ಕು ಭಾಗಗಳ ಹಿಂದೆ ಬಾಖ್‌ನ ಜಿ ಮೈನರ್ ಸೊನಾಟಾದ ಚೌಕಟ್ಟು ಎದ್ದು ಕಾಣುತ್ತದೆ: ಎರಡನೆಯದು ಫ್ಯೂಗ್ (ಒಂದೇ ಸ್ವರವಾಕ್ಯವನ್ನು ಹಲವು ಧ್ವನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ), ಕೊನೆಯದು ಪ್ರೆಸ್ಟೊ, ಅಂದರೆ ಅತಿ ವೇಗದ ಭಾಗ. ಮೊದಲ ಭಾಗಕ್ಕಂತೂ 'ಟೆಂಪೊ ದಿ ಚಕೋನಾ' ಎಂದೇ ಹೆಸರು; ಚಕೋನ್ ಎಂದರೆ ಮರಳಿ ಮರಳಿ ಬರುವ ಒಂದೇ ಸ್ವರಸಾಲಿನ ಮೇಲೆ ಬದಲಾವಣೆಗಳನ್ನು ಕಟ್ಟುವ ಹಳೆಯ ರಚನೆ. ಬೆರಿಯೊನ 'ಸೆಕ್ವೆಂತ್ಸಾ VIII' (1976) ಎ ಮತ್ತು ಬಿ ಎಂಬ ಎರಡು ಸ್ವರಗಳನ್ನು ಬಿಡದೆ ಹಿಡಿದುಕೊಂಡು ಚಕೋನ್‌ನ ನೆನಪಿನಲ್ಲೇ ಸಾಗುತ್ತದೆ. ಸಾಲೊನೆನ್ ಕೃತಿಯೂ ಬುಡದಲ್ಲಿ ಚಕೋನ್. ಇವುಗಳಲ್ಲಿ ಒಂದನ್ನು ಬಾಖ್ ಜೊತೆ ಇಟ್ಟರೆ ಎರಡೂ ಒಂದನ್ನೊಂದು ಬೆಳಗುತ್ತವೆ. ಬಾಖ್‌ನ ದೊಡ್ಡ ಚಕೋನ್ ಆಗಲೇ ಇದ್ದರೆ ಮಾತ್ರ ಯೋಚಿಸಿ: ಹದಿನೈದು ನಿಮಿಷದ ಚಕೋನ್ ಬೆನ್ನಿಗೆ ಇನ್ನೊಂದು ಚಕೋನ್ ಕೇಳಲು ಬೆಳಗಿನಿಂದ ಕೂತ ಕಿವಿಗಳಿಗೆ ತ್ರಾಣವಿರುವುದಿಲ್ಲ. ಅಲ್ಲಿ 'ನಾಕ್ಟರ್ನ್' ಥರದ ಚಿಕ್ಕ, ಬಣ್ಣವೇ ಪ್ರಧಾನವಾದ ಕೃತಿ ಸರಿಹೋಗುತ್ತದೆ.

ಸ್ಪರ್ಧೆಗೆಂದೇ ಹುಟ್ಟಿದ ಕೃತಿಗಳನ್ನೂ ಬಿಡಬೇಡಿ. 'ಆಂಥೆಮ್' ಬರೆದದ್ದು 1991ರ ಮೆನುಹಿನ್ ಸ್ಪರ್ಧೆಗೆ. ಲುಟೊಸ್ವಾಫ್ಸ್ಕಿಯ 'ಸುಬಿಟೊ' (1992) ಇಂಡಿಯಾನಾಪೊಲಿಸ್ ಸ್ಪರ್ಧೆಗಾಗಿ ಪಿಯಾನೊ ಜೊತೆಗೆ ಬರೆದದ್ದು, ಐದು ನಿಮಿಷದೊಳಗೆ ಮುಗಿಯುತ್ತದೆ. ಕೊರಿಲಿಯಾನೊನ 'ಸ್ಟಾಂಪ್' 2011ರ ಚೈಕಾವ್‌ಸ್ಕಿ ಸ್ಪರ್ಧೆಯದು. ಅದರಲ್ಲಿ ಶ್ರುತಿ ಬದಲಿಸಿದ ತಂತಿಗಳ ಜೊತೆ ಕಾಲು ಕುಟ್ಟಿ ತಾಳವನ್ನೂ ಹಾಕಬೇಕು. ಇಂಥವು ಸ್ಪರ್ಧೆಯ ಅಳತೆಗೆ ಹೊಂದಿಕೊಂಡಿರುತ್ತವೆ: ಕಡಿಮೆ ಸಮಯ, ಒಂದೇ ವಾದ್ಯದಲ್ಲಿ ಬಗೆಬಗೆಯ ಪರೀಕ್ಷೆ.

ಮನಸ್ಸಿಗೆ ಬಂದ ಕೃತಿಯನ್ನು ಒಪ್ಪುವ ಮೊದಲು ಹತ್ತು ದಿನದ ಪರೀಕ್ಷೆ ಮಾಡಿ. ಅದರ ಅತಿ ಕಷ್ಟದ ಒಂದು ಪುಟವನ್ನು, ಜೊತೆಗೆ ಅತಿ ಮೆತ್ತಗಿನ ಒಂದು ಪುಟವನ್ನು ತೆಗೆದುಕೊಂಡು ದಿನಕ್ಕೆ 40 ನಿಮಿಷ ಕೂರಿ. ಹನ್ನೊಂದನೆಯ ದಿನ ಅರ್ಧ ವೇಗದಲ್ಲಿ ನುಡಿಸಿ ಮುದ್ರಿಸಿಕೊಳ್ಳಿ. ಕೇಳುವಾಗ ವಾಕ್ಯಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ ಎಂದು ಸ್ವರಲಿಪಿ ನೋಡದೆ ಹೇಳಲು ಬಂದರೆ ಆ ಕೃತಿ ನಿಮಗೆ ದಕ್ಕುತ್ತದೆ. ಬರೀ ಸ್ವರಗಳ ಸರಮಾಲೆ ಕೇಳಿಸಿದರೆ ಬಿಟ್ಟುಬಿಡಿ, ಎಷ್ಟೇ ಪ್ರಸಿದ್ಧ ಕೃತಿಯಾಗಿರಲಿ. ಮೆತ್ತಗಿನ ಪುಟವನ್ನು ಸಾಧ್ಯವಾದರೆ ದೊಡ್ಡ ಸಭಾಂಗಣದಲ್ಲಿ ನುಡಿಸಿ, 15 ಮೀಟರ್ ದೂರದಲ್ಲಿ ಒಬ್ಬರನ್ನು ಕೂರಿಸಿ ಕೇಳಿಸಿ. ಷಾರೀನೊನ ಆರು ಕ್ಯಾಪ್ರಿಸ್‌ಗಳು (1976) ಹೆಚ್ಚುಕಡಿಮೆ ಪೂರ್ತಿ ಹಾರ್ಮೋನಿಕ್ಸ್‌ನಲ್ಲೇ, ಅಂದರೆ ತಂತಿಯನ್ನು ಹಗುರವಾಗಿ ಮುಟ್ಟಿ ಹುಟ್ಟಿಸುವ ತೆಳು, ಎತ್ತರದ ಸ್ವರಗಳಲ್ಲೇ ನಿಂತಿವೆ. ಅಭ್ಯಾಸದ ಕೋಣೆಯಲ್ಲಿ ಮೈ ಜುಮ್ಮೆನ್ನಿಸುವ ಆ ನಾದ, ಪ್ರತಿಧ್ವನಿಯಿಲ್ಲದ ಒಣ ಸಭಾಂಗಣದ ಹತ್ತನೆಯ ಸಾಲಿಗೆ ಮುಟ್ಟುವ ಹೊತ್ತಿಗೆ ಬರೀ ಕಮಾನಿನ ಸರಪರ ಆಗಿರಬಹುದು.

ಹಾರ್ಮೋನಿಕ್ಸ್ ಬಗ್ಗೆ ಇನ್ನಷ್ಟು ಹೇಳಲೇಬೇಕು, ಏಕೆಂದರೆ ವೇದಿಕೆಯಲ್ಲಿ ಮೊದಲು ಕೈಕೊಡುವುದು ಅವೇ. ಒಂದನೇ ಬೆರಳು ಒತ್ತಿ, ನಾಲ್ಕನೇ ಬೆರಳನ್ನು ಶುದ್ಧ ನಾಲ್ಕನೇ ಅಂತರದಲ್ಲಿ ಮುಟ್ಟಿಸಿದರೆ ಒತ್ತಿದ ಸ್ವರಕ್ಕಿಂತ ಎರಡು ಆಕ್ಟೇವ್ (ಸ್ಥಾಯಿ) ಮೇಲಿನ ಸ್ವರ ಕೇಳುತ್ತದೆ. ಐದನೇ ಅಂತರದಲ್ಲಿ ಮುಟ್ಟಿದರೆ ಒಂದು ಆಕ್ಟೇವ್ ಮತ್ತು ಐದನೆಯದು. ಮೇಜರ್ ಮೂರನೇ ಅಂತರದಲ್ಲಿ ಮುಟ್ಟಿದರೆ ಎರಡು ಆಕ್ಟೇವ್ ಮತ್ತು ಮೇಜರ್ ಮೂರನೆಯದು. ಇದರಲ್ಲಿ ಮುಟ್ಟುವ ಬಿಂದು ಬಲು ಇಕ್ಕಟ್ಟು, ಕೂದಲೆಳೆಯಷ್ಟು ಸರಿದರೂ ಸ್ವರ ಒಡೆಯುತ್ತದೆ. ಸ್ವರ ಮೂಡದೇ ಹೋದಾಗ ಎಲ್ಲರೂ ಮುಟ್ಟುವ ಬೆರಳನ್ನೇ ಅನುಮಾನಿಸುತ್ತಾರೆ. ಆದರೆ ಬಹಳ ಸಲ ತಪ್ಪಿರುವುದು ಒತ್ತುವ ಬೆರಳು: ಮೇಲಿನ ಬೆರಳನ್ನು ಹಗುರ ಮಾಡುವಾಗ ಕೆಳಗಿನದೂ ಜೊತೆಗೆ ಸಡಿಲವಾಗಿಬಿಡುತ್ತದೆ. ಎರಡನೆಯ ಕಾರಣ ಕಮಾನು. ಮೆತ್ತಗೆ ಎಂದು ಬರೆದಿದ್ದರೆ ಕೈ ತಾನಾಗಿಯೇ ನಿಧಾನವಾಗಿ ಬೆರಳಹಲಗೆಯ ಕಡೆ ಜಾರುತ್ತದೆ. ಅಲ್ಲಿ ಎತ್ತರದ ಹಾರ್ಮೋನಿಕ್ಸ್ ಹುಟ್ಟುವುದು ಕಷ್ಟ. ಕಮಾನನ್ನು ಕುದುರೆಯ (ತಂತಿಗಳನ್ನು ಹೊತ್ತು ನಿಂತ ಮರದ ತುಂಡಿನ) ಹತ್ತಿರಕ್ಕೆ ತಂದು, ಒತ್ತಡ ಕಡಿಮೆ ಮಾಡಿ, ವೇಗ ಹೆಚ್ಚಿಸಬೇಕು. ಹಳೆಯ ತಂತಿಯಲ್ಲಿ ಇದೆಲ್ಲ ಇನ್ನೂ ಹಠ ಮಾಡುತ್ತದೆ. ಸ್ಪರ್ಧೆಗೆ ನಾಲ್ಕೈದು ದಿನ ಮುಂಚೆ ಹೊಸ ತಂತಿ ಹಾಕಿ, ಹಿಂದಿನ ರಾತ್ರಿ ಮಾತ್ರ ಬೇಡ.

ಕಾಲುಸ್ವರಗಳಿಗೂ, ಅಂದರೆ ಅರ್ಧಸ್ವರದ ಅರ್ಧದಷ್ಟಿರುವ 50 ಸೆಂಟ್‌ನ ಅಂತರಗಳಿಗೂ ಇದೇ ಎಚ್ಚರ ಬೇಕು. ಬಾರ್ಟೋಕ್ ತನ್ನ ಪ್ರೆಸ್ಟೊದಲ್ಲಿ ಅವನ್ನು ಬರೆದಿದ್ದ. ಪಿಟೀಲುವಾದಕ ಮೆನುಹಿನ್ ಸಂಪಾದಿಸಿದ ಮೊದಲ ಆವೃತ್ತಿಯಲ್ಲಿ ಅವುಗಳ ಜಾಗಕ್ಕೆ ಮಾಮೂಲಿ ಅರ್ಧಸ್ವರಗಳು ಬಂದವು, ಮೂಲಪಾಠ ಅಚ್ಚಾಗಿ ಬಂದದ್ದು ಬಹಳ ತಡವಾಗಿ. ಯಾವ ಪಾಠ ನುಡಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿ, ಅರ್ಜಿಯಲ್ಲೂ ಬರೆಯಿರಿ. ಇಲ್ಲದಿದ್ದರೆ ಕೈಯಲ್ಲಿ ಹಳೆಯ ಪ್ರತಿ ಹಿಡಿದ ತೀರ್ಪುಗಾರರಿಗೆ ನಿಮ್ಮ ಕಾಲುಸ್ವರ ಅಪಶ್ರುತಿಯಂತೆ ಕೇಳುತ್ತದೆ. ಅಭ್ಯಾಸಕ್ಕೆ ಎ ತಂತಿಯನ್ನೇ ಆಧಾರ ಶ್ರುತಿಯಾಗಿಟ್ಟುಕೊಂಡು ಡಿ ತಂತಿಯಲ್ಲಿ ಎ, ಎ ಕಾಲು ಮೇಲೆ, ಬಿ ಫ್ಲಾಟ್, ಮತ್ತೆ ವಾಪಸ್ ಎಂದು ನಿಧಾನವಾಗಿ ನುಡಿಸಿ. ಬೆರಳನ್ನು ಎತ್ತಿಡದೆ ತುದಿಯನ್ನು ಉರುಳಿಸಿದರೆ ಅಂತರ ಸ್ಥಿರವಾಗಿ ಕೂರುತ್ತದೆ. ಕಾಲುಸ್ವರ ಪ್ರತಿ ಸಲವೂ ಅದೇ ಜಾಗದಲ್ಲಿ ಬಿದ್ದರೆ ಅದು ಉದ್ದೇಶಪೂರ್ವಕ ಎಂದು ಯಾರ ಕಿವಿಗಾದರೂ ಗೊತ್ತಾಗುತ್ತದೆ.

ಶ್ರುತಿ ಬದಲಿಸಬೇಕಾದ ಕೃತಿಗೆ ಎರಡನೇ ಪಿಟೀಲು ಇಲ್ಲದೆ ಕೈ ಹಾಕಬೇಡಿ. ಒಂದು ತಂತಿಯನ್ನು ಇಳಿಸಿದರೆ ಕುದುರೆಯ ಮೇಲಿನ ಭಾರ ಕಡಿಮೆಯಾಗಿ ಉಳಿದ ಮೂರೂ ಸ್ವಲ್ಪ ಏರುತ್ತವೆ. ಅವನ್ನು ಸರಿಮಾಡುವಷ್ಟರಲ್ಲಿ ಇಳಿಸಿದ್ದು ಮತ್ತೆ ಸರಿದಿರುತ್ತದೆ. ಒಂದೇ ವಾದ್ಯದಲ್ಲಿ ಈ ಕೃತಿ ಮುಗಿಸಿ ಕೂಡಲೇ ಬಾಖ್ ಶುರುಮಾಡಿದರೆ ಅರ್ಧ ಫ್ಯೂಗ್ ಆಗುವುದರೊಳಗೆ ಶ್ರುತಿ ಜಾರಿರುತ್ತದೆ. ಎರಡನೇ ವಾದ್ಯವನ್ನು ಹಿಂದಿನ ದಿನವೇ ಬದಲಿ ಶ್ರುತಿಗೆ ತಂದು ಬಿಟ್ಟಿರಬೇಕು. ಕಮಾನಿನ ಕೋಲಿನಿಂದ ತಂತಿಗೆ ಬಡಿಯುವ ಕೋಲ್ ಲೆನ್ಯೊ ಇದ್ದರೂ ಅಷ್ಟೇ, ಒಳ್ಳೆಯ ಕಮಾನಿನ ಮೆರುಗು ಹೋಗುತ್ತದೆ. ಅಗ್ಗದ ಎರಡನೇ ಕಮಾನು ಅದಕ್ಕೆ ಸಾಕು, ಆದರೆ ಆ ಕಮಾನಿನಲ್ಲೇ ಒಂದು ತಿಂಗಳಾದರೂ ಅಭ್ಯಾಸ ಆಗಿರಲಿ.

ಕಡ್ಡಾಯ ಹೊಸ ಕೃತಿಯ ವಿಷಯವೇ ಬೇರೆ. ಅಲ್ಲಿ ಆಯ್ಕೆ ನಿಮ್ಮದಲ್ಲ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಅಂತಿಮ ಸುತ್ತಿಗೆ ಬಂದವರು ಮ್ಯೂಸಿಕ್ ಚಾಪೆಲ್‌ನಲ್ಲಿ ಒಂದು ವಾರ ಹೊರಗಿನವರ ನೆರವಿಲ್ಲದೆ, ಹಿಂದೆಂದೂ ಪ್ರಕಟವಾಗದ ಕನ್ಸರ್ಟೊ ಒಂದನ್ನು ಕಲಿಯಬೇಕು. ಇಂಥ ಸ್ಪರ್ಧೆಗೆ ಹೋಗುವವರು ಉಳಿದ ಕೃತಿಗಳನ್ನು ಆರಿಸುವಾಗಲೇ ಆ ವಾರದ ಭಾರವನ್ನು ಲೆಕ್ಕ ಹಾಕಬೇಕು: ಇನ್ನೂ ಹಸಿಯಾಗಿರುವ ಮತ್ತೊಂದು ಕೃತಿ ಕಾರ್ಯಕ್ರಮದಲ್ಲಿ ಇರಲೇಬಾರದು. ಹೊಸ ಸ್ವರಲಿಪಿ ಬಂದ ದಿನ ಪಿಟೀಲು ತೆಗೆಯಬೇಡಿ, ಪೆನ್ಸಿಲ್ ಹಿಡಿಯಿರಿ. ವೇಗದ ಬದಲಾವಣೆಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ. ಉದಾಹರಣೆಗೆ ನಿಮಿಷಕ್ಕೆ ಕ್ವಾರ್ಟರ್ ನೋಟ್ 60ರಲ್ಲಿ ತ್ರಿಪ್ಲೆಟ್‌ನ (ಒಂದು ಕ್ವಾರ್ಟರ್‌ಗೆ ಮೂರರಂತೆ ಬರುವ) ಎಂಟನೆಯದು, ಅಂದರೆ ಎಯ್ತ್ ನೋಟ್, ಮುಂದಿನ ಭಾಗದ ಮಾಮೂಲಿ ಎಂಟನೆಯದಾಗುತ್ತದೆ (ಒಂದು ಕ್ವಾರ್ಟರ್‌ಗೆ ಎರಡು) ಎಂದಿದ್ದರೆ, ನಿಮಿಷಕ್ಕೆ 180 ಎಂಟನೆಯವು, ಅಂದರೆ ಹೊಸ ಕ್ವಾರ್ಟರ್ 90. ತಿಶ್ರ ನಡೆಯ ಅಕ್ಷರಗಳನ್ನು ಹಾಗೇ ಹಿಡಿದು ಎರಡೆರಡಾಗಿ ಗುಂಪು ಮಾಡಿದ ಹಾಗೆ. ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ ಗಟ್ಟಿಮಾಡಿಕೊಂಡರೆ ವಾದ್ಯ ಹಿಡಿದಾಗ ಅರ್ಧ ಕೆಲಸ ಮುಗಿದಿರುತ್ತದೆ. ಹೊಸ ಪ್ರತಿಯಲ್ಲಿ ಅಚ್ಚಿನ ತಪ್ಪೂ ಇರುತ್ತದೆ: ಲೆಕ್ಕಕ್ಕೆ ಕೂರದ ತಾಳ, ಹುಟ್ಟಲು ಸಾಧ್ಯವೇ ಇಲ್ಲದ ಹಾರ್ಮೋನಿಕ್ಸ್, ಬಿಟ್ಟುಹೋದ ಶಾರ್ಪ್. ಅನುಮಾನ ಬಂದದ್ದನ್ನು ಪಟ್ಟಿ ಮಾಡಿ ಆಯೋಜಕರ ಮೂಲಕವೇ ಕೇಳಿ. ಸಂಯೋಜಕರನ್ನು ನೇರವಾಗಿ ಸಂಪರ್ಕಿಸುವುದು ನಿಷಿದ್ಧವಾಗಿರಬಹುದು.

ಪುಟ ತಿರುವುವ ಸಮಸ್ಯೆಯನ್ನು ಕೊನೆಯ ವಾರಕ್ಕೆ ಬಿಡಬೇಡಿ. ಉದ್ದಕ್ಕೆ ಬಿಡಿಸಿಟ್ಟ ಹಾಳೆಗಳಿಗೆ ಎರಡು ಮೂರು ಸ್ಟ್ಯಾಂಡ್ ಬೇಕಾದರೆ ಅವನ್ನು ಮೇಜಿನಂತೆ ಮಟ್ಟಸವಾಗಿ, ಸೊಂಟದ ಎತ್ತರಕ್ಕೆ ಇಳಿಸಿ. ಎತ್ತರಿಸಿ ನಿಲ್ಲಿಸಿದರೆ ನಾದಕ್ಕೆ ಗೋಡೆ ಕಟ್ಟಿದಂತಾಗುತ್ತದೆ. ಓದುತ್ತ ಸಾಗುವಾಗ ಪಿಟೀಲಿನ ರಂಧ್ರಗಳು ಸಭೆಯ ಕಡೆಗೇ ಇರುವಂತೆ ಸ್ಟ್ಯಾಂಡ್‌ಗಳನ್ನು ಓರೆಯಾಗಿ ಜೋಡಿಸಿ. ಟ್ಯಾಬ್ಲೆಟ್ ಬಳಸಲು ಅನುಮತಿಯಿದ್ದರೂ ಕಾಗದದ ಪ್ರತಿ ಪಕ್ಕದಲ್ಲಿರಲಿ.

ಕೊನೆಯದಾಗಿ ವೀಡಿಯೊ ಸುತ್ತು. ಫೋನಿನಲ್ಲಿ ಮುದ್ರಿಸಿದರೆ ಅದು ಮೆತ್ತಗಿನದನ್ನು ತಾನೇ ಏರಿಸಿ, ಜೋರಿನದನ್ನು ತಗ್ಗಿಸಿ ಎಲ್ಲವನ್ನೂ ಸಪಾಟು ಮಾಡುತ್ತದೆ. ಆಧುನಿಕ ಕೃತಿಗೆ ಇದರಿಂದಾಗುವ ನಷ್ಟ ಬಾಖ್‌ಗಿಂತ ಹೆಚ್ಚು, ಏಕೆಂದರೆ ಅದರ ಅರ್ಥ ಬಹಳಷ್ಟು ಆ ಏರಿಳಿತದಲ್ಲೇ ಇದೆ. ತಾನಾಗಿ ಮಟ್ಟ ಬದಲಿಸುವ ವ್ಯವಸ್ಥೆಯನ್ನು ನಿಲ್ಲಿಸಿಡಬಹುದಾದ ಬೇರೆ ರೆಕಾರ್ಡರ್ ತಂದು, ಎರಡೂವರೆ ಮೂರು ಮೀಟರ್ ದೂರದಲ್ಲಿ, ತಲೆಗಿಂತ ಸ್ವಲ್ಪ ಎತ್ತರದಲ್ಲಿ ಇಡಿ. ಮೊದಲು ಕೃತಿಯ ಅತಿ ಜೋರಿನ ಜಾಗ ನುಡಿಸಿ ಮಟ್ಟ ಗೊತ್ತುಮಾಡಿ, ಆಮೇಲೆ ಅದನ್ನು ಮುಟ್ಟದೆ ಕೃತಿಯನ್ನು ಮೊದಲಿಂದ ಕೊನೆಯವರೆಗೆ ನಿಲ್ಲಿಸದೆ ನುಡಿಸಿ. ಕೊನೆಯ ಸ್ವರ ಪೂರ್ತಿ ಆರುವವರೆಗೂ ಕಮಾನು ಇಳಿಸಬೇಡಿ.