ಹಸಿವಿನಿಂದಲ್ಲ, ಅಜೀರ್ಣದಿಂದ

ಸಕ್ಕರೆಯನ್ನು ಒಡೆಯುವ ಕಿಣ್ವಗಳನ್ನು ತಡೆದರೆ ಬ್ಯಾಕ್ಟೀರಿಯಾ ಹಸಿವಿನಿಂದ ಸಾಯುತ್ತದೆ, ಹೊಸ ಪ್ರತಿಜೀವಕಕ್ಕೆ ಅಷ್ಟು ಸಾಕು ಎಂದು ನಾನೂ ಬಹಳ ಕಾಲ ನಂಬಿದ್ದೆ. ಓದುತ್ತಾ ಹೋದಂತೆ ಈ ಲೆಕ್ಕ ಎರಡು ಕಡೆ ತಪ್ಪುವುದು ಕಂಡಿತು. ನಮ್ಮ ಜೀವಕೋಶಗಳೂ ಗ್ಲೂಕೋಸನ್ನು ಬಹುಮಟ್ಟಿಗೆ ಅದೇ ಹಾದಿಯಲ್ಲಿ ಒಡೆಯುತ್ತವೆ; ಅಲ್ಲದೆ ಒಂದು ಸಕ್ಕರೆ ಕೈತಪ್ಪಿದರೆ ಬ್ಯಾಕ್ಟೀರಿಯಾ ಮತ್ತೊಂದನ್ನೋ, ಕೊಬ್ಬನ್ನೋ ತಿಂದು ಬದುಕಬಲ್ಲದು.

ಮೊದಲ ತೊಡಕಿಗೆ ಪರಿಹಾರವಿಲ್ಲದಿಲ್ಲ: ನಮ್ಮಲ್ಲಿಲ್ಲದ ಕಿಣ್ವಗಳನ್ನು ಗುರಿಯಾಗಿಸಬಹುದು. ಗ್ಲೂಕೋಸ್ ಒಡೆಯುವ ಹಾದಿಯಲ್ಲಿ ಬರುವ ಫ್ರಕ್ಟೋಸ್ ಬಿಸ್‌ಫಾಸ್ಫೇಟನ್ನು ಇಬ್ಭಾಗ ಮಾಡುವ ಆಲ್ಡೊಲೇಸ್ ಕಿಣ್ವ ನಮ್ಮಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲದ ನೆರವಿನಿಂದ ಕೆಲಸ ಮಾಡಿದರೆ, ಕ್ಷಯದ ಬ್ಯಾಕ್ಟೀರಿಯಾದಲ್ಲಿ ಅದೇ ಕೆಲಸವನ್ನು ಸತುವಿನ ಅಯಾನನ್ನು ನೆಚ್ಚಿಕೊಂಡ, ರಚನೆಯಲ್ಲೇ ಬೇರೆಯಾದ ಕಿಣ್ವವೊಂದು ಮಾಡುತ್ತದೆ. ಸಕ್ಕರೆಯನ್ನು ಒಳಗೆಳೆಯುತ್ತಲೇ ಅದಕ್ಕೆ ಫಾಸ್ಫೇಟ್ ಅಂಟಿಸುವ, 1964ರಲ್ಲಿ ಸಾಲ್ ರೋಸ್‌ಮನ್ ಮತ್ತು ಸಂಗಡಿಗರು ವರದಿ ಮಾಡಿದ ಬ್ಯಾಕ್ಟೀರಿಯಾದ ವ್ಯವಸ್ಥೆಯಂತೂ ಪ್ರಾಣಿಗಳಲ್ಲಿ ಇಲ್ಲವೇ ಇಲ್ಲ.

ಎರಡನೆಯ ತೊಡಕಿಗೆ ಸಿಕ್ಕ ಉತ್ತರವೇ ನನ್ನನ್ನು ಹೆಚ್ಚು ಸೆಳೆದದ್ದು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಟ್ರೆಹಲೋಸ್ ಎಂಬ ಸಕ್ಕರೆ ಮೊದಲು ಮಾಲ್ಟೋಸ್ ಆಗುತ್ತದೆ, ಬಳಿಕ ಫಾಸ್ಫೇಟ್ ಸೇರಿ ಮಾಲ್ಟೋಸ್-1-ಫಾಸ್ಫೇಟ್ ಆಗುತ್ತದೆ. ಜಿಎಲ್‌ಜಿಇ ಎಂಬ ಕಿಣ್ವ ಅದರಲ್ಲಿನ ಮಾಲ್ಟೋಸನ್ನು ಬಿಡಿಸಿಕೊಂಡು ಗ್ಲುಕಾನ್ ಎಂಬ ಗ್ಲೂಕೋಸ್ ಸರಪಳಿಗೆ ಜೋಡಿಸುತ್ತದೆ. ಈ ಕೊನೆಯ ಕಿಣ್ವವನ್ನು ನಿಲ್ಲಿಸಿದರೆ ಹಿಂದಿನ ಎರಡು ಹಂತಗಳು ನಿಲ್ಲದೆ ನಡೆದು, ಮಾಲ್ಟೋಸ್-1-ಫಾಸ್ಫೇಟ್ ರಾಶಿಬಿದ್ದು, ಅದರ ವಿಷಕ್ಕೆ ಕೋಶ ಸಾಯುತ್ತದೆಂದು 2010ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬ್ಯಾಕ್ಟೀರಿಯಾ ತಾನೇ ತಯಾರಿಸಿದ ಸರಕನ್ನು ಅರಗಿಸಿಕೊಳ್ಳಲಾಗದೆ ಸಾಯುವುದರಿಂದ, ಬೇರೆ ಆಹಾರ ಎಷ್ಟಿದ್ದರೂ ಅದಕ್ಕೆ ಉಪಯೋಗವಿಲ್ಲ. ಬಾಯಿಯ ಮೂಲಕ ಕೊಡುವ ಟೈಫಾಯ್ಡ್ ಲಸಿಕೆಯಾದ ಟಿವೈ 21ಎಯಲ್ಲಿರುವ ಬ್ಯಾಕ್ಟೀರಿಯಾಕ್ಕೂ ಇಂಥದೇ ದೌರ್ಬಲ್ಯವಿದೆ: ಗ್ಯಾಲಕ್ಟೋಸ್ ಬಳಕೆಗೆ ಬೇಕಾದ ಕಿಣ್ವವೊಂದು ಇಲ್ಲದ ಕಾರಣ, ಆ ಸಕ್ಕರೆ ಹೆಚ್ಚಾಗಿ ಒಳಹೊಕ್ಕರೆ ಅರ್ಧಂಬರ್ಧ ಬದಲಾದ ಪದಾರ್ಥಗಳು ತುಂಬಿಕೊಂಡು ಕೋಶ ಒಡೆಯುತ್ತದೆ.

ಆದರೆ ಬ್ಯಾಕ್ಟೀರಿಯಾ ಸುಮ್ಮನೆ ಸಾಯಲು ಒಪ್ಪುವುದಿಲ್ಲ. 1969ರಲ್ಲಿ ಬೆಳಕಿಗೆ ಬಂದ ಫಾಸ್ಫೊಮೈಸಿನ್ ಎಂಬ ಪ್ರತಿಜೀವಕವು ಸಕ್ಕರೆ-ಫಾಸ್ಫೇಟುಗಳನ್ನು ಒಳಬಿಡುವ ಸಾಗಣೆ ಪ್ರೋಟೀನಿನ ಮೂಲಕವೂ ಕೋಶವನ್ನು ಹೊಗುತ್ತದೆ. ಆ ಬಾಗಿಲನ್ನೇ ಕಳೆದುಕೊಂಡು ಪಾರಾಗುವ ತಳಿಗಳು ಪ್ರಯೋಗಾಲಯದಲ್ಲಿ ಸುಲಭವಾಗಿ ಹುಟ್ಟುತ್ತವೆ. ಜಿಎಲ್‌ಜಿಇ ವಿಷಯದಲ್ಲೂ ಹಾಗೆಯೇ: ಟ್ರೆಹಲೋಸನ್ನು ಮಾಲ್ಟೋಸ್ ಮಾಡುವ ಮೊದಲ ಕಿಣ್ವ ಕೆಟ್ಟುಹೋದರೆ ವಿಷವೇ ತಯಾರಾಗದು. ಈ ದಾರಿ ಮುಚ್ಚುವ ಉಪಾಯವೂ ಅದೇ ಸಂಶೋಧನೆಯಲ್ಲಿದೆ. ಗ್ಲುಕಾನ್ ಕಟ್ಟಲು ಬ್ಯಾಕ್ಟೀರಿಯಾದಲ್ಲಿ ಇನ್ನೊಂದು ಹಾದಿಯಿದ್ದು, ಆ ಹಾದಿಯ ಕಿಣ್ವವೂ ಮೊದಲ ಕಿಣ್ವವೂ ಒಟ್ಟಿಗೆ ಇಲ್ಲವಾದರೆ ಕೋಶ ಉಳಿಯುವುದಿಲ್ಲ. ಜಿಎಲ್‌ಜಿಇಯ ಜೊತೆಗೆ ಆ ಎರಡನೆಯ ಹಾದಿಯನ್ನೂ ತಡೆಯುವ ಔಷಧವಿದ್ದರೆ, ವಿಷದಿಂದ ತಪ್ಪಿಸಿಕೊಳ್ಳಲು ಮೊದಲ ಕಿಣ್ವವನ್ನು ಕೈಬಿಟ್ಟ ಬ್ಯಾಕ್ಟೀರಿಯಾ ಕೂಡ ಬದುಕಲಾರದು.